ಮಣೂಕದ ಶೆಡ್ಡಿನಲ್ಲಿ ನಿಂತ ಗಾಡಿ

ಅವ್ವನ ಪುಪ್ಪುಸ ಕೆಟ್ಟದ್ದು ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ. ಅಪ್ಪ ತೀರಿಕೊಂಡಾಗ ಐನಾಪುರದ ಹೊಲ ದಾಯಾದಿಗಳ ಕೈಯಲ್ಲಿತ್ತು. ಅವ್ವ ಅಣ್ಣನನ್ನೂ ನನ್ನನ್ನೂ ಕಟ್ಟಿಕೊಂಡು ನಿಪ್ಪಾಣಿಗೆ ಹೋದಳು. ಸೆರಗನ್ನು ಮೂಗಿಗೆ ಸುತ್ತಿಕೊಂಡು ತಂಬಾಕು ಜರಡಿ ಹಿಡಿದು ನಮ್ಮಿಬ್ಬರನ್ನೂ ಓದಿಸಿದಳು. ಅಣ್ಣ ದೊಡ್ಡವನಾಗಿ ಹೊಲ ಬಿಡಿಸಿಕೊಂಡ, ದ್ರಾಕ್ಷಿ ಹಚ್ಚಿದ, ಹೊಲದಲ್ಲೇ ಮನೆ ಕಟ್ಟಿಸಿ ಅವ್ವನನ್ನು ಕರೆದುಕೊಂಡು ಹೋದ. ನಾನು ಚಿಕ್ಕೋಡಿಯ ಒಂದು ತರಬೇತಿ ಸಂಸ್ಥೆಯಲ್ಲಿ ವೈರಿಂಗ್, ಮೋಟಾರು ಕಲಿಸುವ ಕೆಲಸಕ್ಕೆ ಸೇರಿ ಅಲ್ಲೇ ಮದುವೆಯಾಗಿ ಉಳಿದೆ. ಅಷ್ಟು ಹೊತ್ತಿಗೆ ಅವ್ವನಿಗೆ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಾಲುತ್ತಿರಲಿಲ್ಲ. ರಾತ್ರಿಯೆಲ್ಲ ಆಕ್ಸಿಜನ್ ಮಷಿನ್ ಹಚ್ಚಿಯೇ ಮಲಗಬೇಕು ಎಂದು ಡಾಕ್ಟರ್ ಹೇಳಿದರು.

ಮಷಿನ್ನಿನ ನಳಿಗೆ ಅವಳ ಮೂಗಿಗೆ, ಮಷಿನ್ನಿನ ವೈರು ಗೋಡೆಗೆ. ಅಣ್ಣನ ಮನೆಯ ಆ ಒಂದು ಕೋಣೆ, ಆ ಒಂದು ಪ್ಲಗ್ಗು, ಅಷ್ಟೇ ಅವ್ವನ ಊರಾಯಿತು. ನಾನು ಹೋದಾಗಲೆಲ್ಲ ನಕ್ಕು ಹೇಳುತ್ತಿದ್ದಳು: “ಮೂಗದಾಣ ಹಾಕಿದ ಎತ್ತ ಆಗೇನಿ ನೋಡ.”

ಅವ್ವ ಹುಟ್ಟಿದ್ದು ರಾಯಬಾಗದ ಕಡೆಯ ಕುರಿ ಕಾಯುವ ಮನೆಯಲ್ಲಿ. ಮದುವೆಯಾಗುವ ತನಕ ವರ್ಷದ ಬಹುಪಾಲು ಅವಳಿಗೆ ಚಾವಣಿ ಅಂದರೇನೆಂದು ಗೊತ್ತಿರಲಿಲ್ಲ. ಬೆಳೆ ಕಿತ್ತ ಹೊಲದಲ್ಲಿ ರಾತ್ರಿ ಕುರಿಗಳನ್ನು ಕೂಡಿಹಾಕಿದರೆ ಹೊಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಅದಕ್ಕೆ ಕಾಳು ಕೊಡುತ್ತಾರೆ. ನಮ್ಮ ಕಡೆ ಇದಕ್ಕೆ ಕುರಿ ತರುಬುವುದು ಅನ್ನುತ್ತಾರೆ. ಒಂದು ಚಳಿಗಾಲದಲ್ಲಿ ಅಣ್ಣನ ಪಕ್ಕದ ಹೊಲದಲ್ಲಿ ಯಾರೋ ಕುರಿ ತರುಬಿದ್ದರು. ಅವ್ವ ಕಿಟಕಿಯ ಹತ್ತಿರ ಕೂತು ಅವುಗಳ ಸದ್ದು ಕೇಳುತ್ತ ನನಗೆ ಹೇಳಿದಳು, “ಎಲ್ಡ ದಿನ ಅಡವ್ಯಾಗ ಮಕ್ಕೊಂಡ ಬಂದ್ರ ಸಾಕಾಗಿತ್ತು. ಆದ್ರ ಈ ಮಷಿನ್ನಿಗಿ ಅಡವ್ಯಾಗ ಗ್ವಾಡಿ ಎಲ್ಲಿಂದ ತರೂದು?”

ಅವಳು ಅದನ್ನು ಕೇಳಿಕೆಯಾಗಿ ಹೇಳಿರಲಿಲ್ಲ. ಸುಮ್ಮನೆ ಹೇಳಿದ್ದಳು. ಆದರೆ ವಿದ್ಯುತ್ತಿನ ಕೆಲಸ ಕಲಿಸುವವಳಿಗೆ ಆ ಮಾತು ಸುಮ್ಮನೆ ಬಿಡುವಂಥದ್ದಾಗಿರಲಿಲ್ಲ.

ಉಗಾರದ ಕಡೆ ಕಬ್ಬಿನ ಟ್ರೇಲರ್ ಕಟ್ಟುವ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ನಾನು ಸಣ್ಣದೊಂದು ಟ್ರೇಲರ್ ಕಟ್ಟಿಸಿದೆ. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಒಳಗೆ ಒಂದು ಮಂಚ, ಒಂದು ಬೆಂಚು, ಒಂದು ಸಣ್ಣ ಫ್ರಿಜ್ಜು, ಎತ್ತರ ಕಡಿಮೆ ಇರುವ ಮೆಟ್ಟಿಲು. ಮೇಲೆ ಸೋಲಾರ್ ಪ್ಲೇಟುಗಳು. ಮಂಚದ ಕೆಳಗೆ ಎರಡು ಲಿಥಿಯಂ ಬ್ಯಾಟರಿ, ಅವುಗಳಿಂದ ಮಷಿನ್ನಿಗೆ ಬೇಕಾದ ಕರೆಂಟು ಕೊಡುವ ಇನ್ವರ್ಟರ್. ದಿನವೆಲ್ಲ ಬಿಸಿಲು ಕುಡಿದರೆ ರಾತ್ರಿಯೆಲ್ಲ ಅವ್ವನ ಮಷಿನ್ ನಡೆದು ಬೆಳಗಿಗೆ ಇನ್ನೂ ಸ್ವಲ್ಪ ಉಳಿಯಬೇಕು, ಆ ಲೆಕ್ಕದಲ್ಲಿ ಎಲ್ಲ ಜೋಡಿಸಿದೆ. ವೈರಿಂಗ್ ಪೂರ್ತಿ ನನ್ನ ಕೈಯದೇ. ವೆಲ್ಡಿಂಗ್ ಅಂಗಡಿಯವನು ಇದೇನು ಲಗ್ನದ ಗಾಡಿಯೇನ್ರಿ ಎಂದು ಕೇಳಿದ. ನಮ್ಮವ್ವನ ಗಾಡಿ ಎಂದೆ.

ಮೊದಲ ಪ್ರವಾಸ ಅಥಣಿ ದಾಟಿ ಅನಂತಪುರದ ಕಡೆಗೆ. ಜೀಪು ನಡೆಸಿದವರು ನನ್ನ ಯಜಮಾನರು. ಅವ್ವ ಚಿಕ್ಕವಳಿದ್ದಾಗ ಅವಳ ಮನೆಯವರು ಕುರಿ ತರುಬುತ್ತಿದ್ದ ಬಯಲು ಅದು. ಕೆಲವು ಕಡೆ ಈಗ ಬೋರ್‌ವೆಲ್ ಬಂದು ಕಬ್ಬು ಬೆಳೆದಿತ್ತು, ಕೆಲವು ಕಡೆ ಇನ್ನೂ ಬಯಲೇ. ಒಂದು ಹಿಂಡಿನವರ ಹತ್ತಿರ ಗಾಡಿ ನಿಲ್ಲಿಸಿದೆವು. ಅವರ ಹೆಂಗಸರು ಮೊದಲು ದೂರ ನಿಂತು ನೋಡಿದರು. ಅವ್ವ ಮೆಟ್ಟಿಲ ಮೇಲೆ ಕೂತು ಅವರ ತಂದೆಯ ಹೆಸರು, ಅಜ್ಜನ ಹೆಸರು ಕೇಳಿ, ಯಾವ ಮನೆತನದವರು ಎಂದು ಬಿಡಿಸಿ ಹೇಳಿದ ಮೇಲೆ ಹತ್ತಿರ ಬಂದು ಕೂತರು. ಒಬ್ಬಾಕೆ ಆಗಷ್ಟೇ ಹುಟ್ಟಿದ ಮರಿಯನ್ನು ತಂದು ಅವ್ವನ ತೊಡೆಯ ಮೇಲೆ ಹಾಕಿದಳು. ಅವ್ವ ಅದರ ಮೂಗು ಒರೆಸಿ, ಬಾಯಲ್ಲಿ ಬೆರಳಿಟ್ಟು, ಇದಕ್ಕೆ ಇನ್ನೂ ಮೊದಲ ಹಾಲು ಸಿಕ್ಕಿಲ್ಲ, ತಾಯಿ ಒದೆಯುತ್ತಿರಬೇಕು, ಹಿಡಿದು ಕುಡಿಸಿರಿ ಎಂದಳು. ಅವಳು ಬಯಲು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೂ ಆ ಮಾತು ಅವಳ ಬಾಯಿಂದ ನಿನ್ನೆ ಮೊನ್ನೆಯದರಂತೆ ಬಂತು.

ಆ ರಾತ್ರಿ ಬಾಗಿಲು ತೆರೆದಿಟ್ಟೇ ಮಲಗಿದಳು. ಬೆಳಗಾದಾಗ ಮೀಟರಿನಲ್ಲಿ ಬೇಕಾದಷ್ಟು ಉಳಿದಿತ್ತು. ಅವ್ವ ಎದ್ದು ಕೂತು, ನಳಿಗೆ ತೆಗೆದಿಟ್ಟು, ಹಿಂಡು ಎಬ್ಬಿಸುವುದನ್ನು ನೋಡಿದಳು. ಮುಂದಿನ ವರ್ಷ ಅವಳ ತಮ್ಮ, ಅಂದರೆ ನಮ್ಮ ಮಾಮಾ, ಹಿಂಡು ತಗೊಂಡು ಇದೇ ಕಡೆ ಬರುತ್ತಾನೆ, ಆಗ ಮತ್ತೆ ಬರೋಣ ಎಂದಳು. ಮಾಮಾ ಈಗಲೂ ಕುರಿ ಬಿಟ್ಟವನಲ್ಲ. ಅಕ್ಕ-ತಮ್ಮ ಮುಖ ನೋಡಿ ಬಹಳ ಕಾಲವಾಗಿತ್ತು. ನಾನು ಆಗಲಿ ಎಂದೆ.

ಇಷ್ಟು ಸುಖದ ಕಥೆ. ಇನ್ನು ಮುಂದೆ ಗಾಡಿ ನಿಂತದ್ದರ ಕಥೆ.

ಚಿಕ್ಕೋಡಿಯ ನಮ್ಮ ಬಾಡಿಗೆ ಮನೆ ಇರುವ ಓಣಿಯಲ್ಲಿ ಎರಡು ಮೋಟರ್‌ಸೈಕಲ್ ಎದುರಾದರೆ ಒಂದು ಹಿಂದೆ ಸರಿಯಬೇಕು. ಅಲ್ಲಿ ಟ್ರೇಲರ್ ಇಡುವ ಮಾತಿಲ್ಲ. ಅಣ್ಣನ ಹೊಲದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ದೊಡ್ಡ ಶೆಡ್ಡಿತ್ತು. ಮೇಲೆ ತಗಡು, ಸುತ್ತಲೂ ಬಲೆ. ಅದರ ಒಂದು ಮೂಲೆಯಲ್ಲಿ ಗಾಡಿ ನಿಂತಿತು. ತಗಡಿನ ಕೆಳಗೆ ನಿಂತ ಗಾಡಿಯ ಸೋಲಾರ್ ಪ್ಲೇಟಿಗೆ ಬಿಸಿಲು ಬೀಳುವುದಿಲ್ಲ, ಬಿಸಿ ಮಾತ್ರ ಬೀಳುತ್ತದೆ. ಲಿಥಿಯಂ ಬ್ಯಾಟರಿಗೆ ಅದು ಎರಡೂ ಕಡೆಯಿಂದ ಕೆಟ್ಟದ್ದು.

ಅದಕ್ಕೇ ನಾನು ಅಣ್ಣನನ್ನೂ ಅತ್ತಿಗೆಯನ್ನೂ ಗಾಡಿಯೊಳಗೆ ಕೂರಿಸಿಕೊಂಡು ಎಲ್ಲ ತೋರಿಸಿ ಹೇಳಿದ್ದೆ. ಇದು ನೀರು ಹಾಕುವ ಹಳೇ ಬ್ಯಾಟರಿಯಲ್ಲ. ಹಳೆಯದನ್ನು ಯಾವಾಗಲೂ ತುಂಬಿಸಿಡಬೇಕು. ಇದನ್ನು ತುಂಬಿಸಿ ಸುಮ್ಮನೆ ನಿಲ್ಲಿಸಿದರೆ, ಅದರಲ್ಲೂ ಸೆಕೆಯಲ್ಲಿ, ಒಳಗೇ ಸವೆಯುತ್ತದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇಟ್ಟು ಮುಖ್ಯ ಸ್ವಿಚ್ಚು ತೆಗೆದುಬಿಡಬೇಕು. ತೆಗೆಯುವಾಗ ಮೊದಲು ಪ್ಲೇಟಿನ ಸ್ವಿಚ್ಚು, ಆಮೇಲೆ ಬ್ಯಾಟರಿಯದು. ಫ್ರಿಜ್ಜಾಗಲಿ ದೀಪವಾಗಲಿ ಚಾಲೂ ಬಿಡಬಾರದು, ಹನಿಹನಿಯಾಗಿ ಹೀರಿ ಖಾಲಿ ಮಾಡುತ್ತವೆ. ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದರೆ ಮತ್ತೆ ಎಬ್ಬಿಸಲಾಗುವುದಿಲ್ಲ. ಬೇಸಿಗೆ ಬಂದರೆ ನನಗೆ ಫೋನ್ ಮಾಡು, ಬ್ಯಾಟರಿ ಬಿಚ್ಚಿ ನಿಮ್ಮ ಒಳಕೋಣೆಯ ತಂಪಿನಲ್ಲಿ ಇಟ್ಟು ಹೋಗುತ್ತೇನೆ ಎಂದೂ ಹೇಳಿದ್ದೆ.

ಅಣ್ಣ ತಲೆಯಾಡಿಸುತ್ತ ಕೇಳಿ, ಕೊನೆಗೆ ಹೇಳಿದ: “ತಂಗಿ, ನಿನ್ನ ಹುಡುಗೂರಿಗಿ ಪಾಠಾ ಹೇಳಿದಂಗ ನನಗ ಹೇಳಬ್ಯಾಡ. ಬ್ಯಾಟರಿ ಅಂದ್ರ ಬ್ಯಾಟರಿ. ನನ್ನ ಟ್ರ್ಯಾಕ್ಟರಿನ್ಯಾಗೂ ಐತಿ.”

ಮೊದಮೊದಲು ನಾನೇ ರವಿವಾರ ಹೋಗಿ ನೋಡಿಕೊಂಡು ಬರುತ್ತಿದ್ದೆ. ಗಾಡಿಯನ್ನು ಹೊರಗೆಳೆಸಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಮೀಟರ್ ನೋಡಿ, ಮತ್ತೆ ಒಳಗೆ ಹಾಕಿಸುತ್ತಿದ್ದೆ. ಒಮ್ಮೆ ಅತ್ತಿಗೆ ಚಹಾ ಕೊಡುತ್ತ, ಅವ್ವನನ್ನು ನೋಡಲು ಬರುತ್ತೀಯೋ ಗಾಡಿಯನ್ನು ನೋಡಲು ಬರುತ್ತೀಯೋ ಎಂದು ಕೇಳಿದಳು. ಮತ್ತೊಮ್ಮೆ ಅಣ್ಣ, ನಮ್ಮ ಮೇಲೆ ನಿನಗೆ ನಂಬಿಕೆಯೇ ಇಲ್ಲವೇನು, ಪ್ರತಿ ರವಿವಾರ ತಪಾಸಣೆ ಹಚ್ಚಿದ್ದೀಯಲ್ಲ ಎಂದ. ಅವ್ವ ಅವರ ಮನೆಯಲ್ಲಿರುವವಳು. ನಾನು ಬಿರುಸಾಗಿ ಮಾತಾಡಿ ಹಿಂದಿರುಗಿದರೆ ಅದರ ಕಾವು ತಟ್ಟುವುದು ಅವಳಿಗೆ. ಶೆಡ್ಡಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ದ್ರಾಕ್ಷಿ ಕೊಯ್ಲಿನ ಹಂಗಾಮು ಬಂತು. ಆ ಗಾಡಿಯಲ್ಲಿ ಏನೇನು ನಡೆಯಿತೆಂದು ನನಗೆ ತಿಳಿದದ್ದು ಆಮೇಲೆ, ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರ ಬಾಯಿಂದ. ಮಣೂಕ ಕೊಳ್ಳಲು ತಾಸಗಾಂವದ ಕಡೆಯಿಂದ ಬರುವ ವ್ಯಾಪಾರಿಗಳನ್ನು ಅಣ್ಣ ಅದರಲ್ಲಿ ಕೂರಿಸುತ್ತಿದ್ದ. ಫ್ಯಾನು, ಫ್ರಿಜ್ಜಿನ ತಣ್ಣನೆಯ ಮಜ್ಜಿಗೆ, ಮಂಚದ ಮೇಲೆ ಒರಗಲು ಲೋಡು. ಕರೆಂಟು ಹೋದಾಗ ಶೆಡ್ಡಿನ ದೀಪಗಳಿಗೂ ಅದರಿಂದಲೇ ವೈರು. ಬ್ಯಾಟರಿ ಸಾಲದಾದಾಗ ಊರಿನ ಇನ್ವರ್ಟರ್ ರಿಪೇರಿಯವನನ್ನು ಕರೆಸಿ, ಆ್ಯಸಿಡ್ ಬ್ಯಾಟರಿಗೆ ಹಚ್ಚುವ ಚಾರ್ಜರನ್ನು ಹಚ್ಚಿಸಿ, ಬಿಚ್ಚದೆ ಹಾಗೇ ಬಿಟ್ಟಿದ್ದ. ಅಥಣಿ ಕಡೆಯ ಬೇಸಿಗೆ, ತಲೆಯ ಮೇಲೆ ಕಾದ ತಗಡು, ಕೆಳಗೆ ಬಿಡುವಿಲ್ಲದೆ ತುಂಬುತ್ತಲೇ ಇದ್ದ ಬ್ಯಾಟರಿ. ಹಂಗಾಮು ಮುಗಿದ ಮೇಲೆ ಶೆಡ್ಡಿನ ಕರೆಂಟು ತೆಗೆಸಿದರು. ಫ್ರಿಜ್ಜಿನ ಸ್ವಿಚ್ಚು ತೆಗೆಯಲು ಯಾರಿಗೂ ನೆನಪಾಗಲಿಲ್ಲ. ಮಳೆಗಾಲವೆಲ್ಲ ಬ್ಯಾಟರಿಗಳು ಖಾಲಿಯಾಗಿ ಬಿದ್ದವು.

ಆ ದಿನಗಳಲ್ಲಿ ನಾನು ಕೇಳಿದಾಗಲೆಲ್ಲ ಅಣ್ಣನದು ಒಂದೇ ಉತ್ತರ: ಎಲ್ಲಾ ಚಲೋ ಐತಿ. ಶೆಡ್ಡಿಗೆ ಕೀಲಿ ಹಾಕಿದೆ, ಕೀಲಿ ಆಳಿನ ಹತ್ತಿರ ಇದೆ, ಆಳು ಊರಿಗೆ ಹೋಗಿದ್ದಾನೆ. ದೀಪಾವಳಿಯ ಹಿಂದಿನ ದಿನ ಗಾಡಿ ಬಿಸಿಲಿಗಿಡು ಎಂದು ಫೋನ್ ಮಾಡಿದೆ. ಇಟ್ಟೆ, ತುಂಬೈತಿ ಎಂದ.

ದೀಪಾವಳಿ ಮುಗಿದ ಮೇಲೆ ಮಾಮಾನ ಹಿಂಡು ಅನಂತಪುರದ ಬಯಲಿಗೆ ಬಂದಿದೆ ಎಂಬ ಸುದ್ದಿ ಬಂತು. ನಾನು ರಜೆ ಹಾಕಿ, ಯಜಮಾನರೊಂದಿಗೆ ಜೀಪು ತಗೊಂಡು ಐನಾಪುರಕ್ಕೆ ಹೋದೆ. ಅವ್ವ ಬೆಳಗ್ಗೆಯೇ ಮಿಂದು, ಇಳಕಲ್ ಸೀರೆ ಉಟ್ಟು, ಕಂಬಳಿಯ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ತಮ್ಮನಿಗೆಂದು ಒಂದು ಡಬ್ಬಿ ತುಂಬ ಕರದಂಟು. ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದರು. ಗಾಡಿಯ ಒಳಗೋಡೆಯಲ್ಲಿ, ಪ್ಲೇಟಿನಿಂದ ಬ್ಯಾಟರಿ ತುಂಬಿಸುವ ಚಾರ್ಜ್ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅಣ್ಣ ಅದನ್ನು ತೋರಿಸಿ, ನೋಡು, ತುಂಬಿದೆ, ನೀನು ಸುಮ್ಮನೆ ಚಿಂತೆ ಮಾಡುತ್ತೀ ಎಂದ.

ಆ ಹಸಿರು ನನಗೆ ಸೇರಲಿಲ್ಲ. ಅಷ್ಟು ಬೇಗ ತುಂಬುವ ಬ್ಯಾಟರಿಗಳಲ್ಲ ಅವು. ಬೆಳಗಿನ ಬಿಸಿಲಿಗೆ ಹಸಿರು ಬಂತೆಂದರೆ ಒಳಗೆ ಹಿಡಿಯುವ ಜಾಗವೇ ಉಳಿದಿಲ್ಲ ಅಂತ ಅರ್ಥ. ಕೊಡದ ಕಂಠದವರೆಗೆ ಹೂಳು ತುಂಬಿದ್ದರೆ ಒಂದು ಚೊಂಬು ನೀರಿಗೇ ಉಕ್ಕುತ್ತದಲ್ಲ, ಹಾಗೆ. ಮಂಚ ಎತ್ತಿ ನೋಡಿದೆ. ಒಂದು ಬ್ಯಾಟರಿಯ ಹೊಟ್ಟೆ ಉಬ್ಬಿತ್ತು. ಇನ್ನೊಂದು ನೋಡಲು ಸರಿಯಾಗಿತ್ತು. ಉಬ್ಬಿದ್ದನ್ನು ಬಿಚ್ಚಿ ಹೊರಗೆ ದೂರ ಇಟ್ಟು, ಉಳಿದ ಒಂದಕ್ಕೇ ಅವ್ವನ ಮಷಿನ್ ಹಚ್ಚಿ ನೋಡಿದೆ. ಮಷಿನ್ ಗುಂಯ್‌ಗುಟ್ಟಿತು. ಅಣ್ಣ, ಆತಲ್ಲ, ಇನ್ನು ಹೊರಡಿರಿ ಎಂದ. ನಾನು ಸ್ವಲ್ಪ ತಡಿ ಎಂದೆ. ಅತ್ತಿಗೆ ಎಲ್ಲರಿಗೂ ಮಾಡಿದ ಚಹಾ ಆರುವುದರೊಳಗೆ ಮಷಿನ್ ಚೀರತೊಡಗಿ ನಿಂತುಹೋಯಿತು. ಪೆಟ್ಟಿಗೆಯ ದೀಪ ಸ್ವಲ್ಪ ಹೊತ್ತಿಗೆ ಮತ್ತೆ ಹಸಿರಾಯಿತು.

ಇದರ ಮೇಲೆ ಅವ್ವನನ್ನು ಬಯಲಿಗೆ ಒಯ್ದರೆ ನಡುರಾತ್ರಿ ಏನಾಗುತ್ತಿತ್ತು ಎಂದು ಬಿಡಿಸಿ ಹೇಳಬೇಕಿರಲಿಲ್ಲ. ನಾನು ಅಣ್ಣನನ್ನು ಪಕ್ಕಕ್ಕೆ ಕರೆದು, ಇವತ್ತು ಹೋಗಲಾಗುವುದಿಲ್ಲ, ಬ್ಯಾಟರಿ ಸತ್ತಿವೆ, ಹೊಸದು ತರಿಸಬೇಕು ಎಂದೆ. ನಾನು ವೈರು ಸುತ್ತುತ್ತಿದ್ದಾಗ ಅವನು ಕಟ್ಟೆಯ ಕಡೆ ಹೋಗಿ ಅವ್ವನ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಏನೋ ಹೇಳಿದ. ನನಗೆ ಕೇಳಿಸಲಿಲ್ಲ.

ನಾನು ಹೋದಾಗ ಅವ್ವ ಗಂಟು ಬಿಚ್ಚುತ್ತಿದ್ದಳು.

“ನಿನಗ ತ್ರಾಸ ಆಗೂದಿದ್ರ ಮೊದ್ಲ ಹೇಳಬೇಕಿತ್ತವ್ವಾ,” ಎಂದಳು. “ನಾ ಗಂಟ ಕಟ್ಟತಿದ್ದಿಲ್ಲ.”

“ತ್ರಾಸಲ್ಲವ್ವಾ. ಬ್ಯಾಟರಿ ಹಾಳಾಗ್ಯಾವು.”

“ಹಸರ ದೀಪ ಹತ್ತೇತಲ್ಲ.” ಅವಳು ಗಾಡಿಯ ಕಡೆ ಕೈ ಮಾಡಿದಳು. “ರಜಾ ಸಿಗಲಿಲ್ಲಂದ್ರ ಸಿಗಲಿಲ್ಲ ಅನ್ನು. ನಾ ಏನ ಸಣ್ಣ ಹುಡುಗಿ ಅಲ್ಲ.”

ಅಣ್ಣ ಅವಳಿಗೆ ಹೇಳಿದ್ದೇನೆಂದು ಅವಳ ಮಾತಿನಿಂದಲೇ ತಿಳಿಯಿತು: ತಂಗಿಗೆ ನೌಕರಿಯಲ್ಲಿ ಅಡಚಣೆ ಆಗಿದೆ, ಒಲ್ಲೆ ಅನ್ನಲು ನಾಚಿಕೆ, ಅದಕ್ಕೆ ಬ್ಯಾಟರಿ ನೆವ. ನಾನು ಹಸಿರು ದೀಪ ಯಾಕೆ ಸುಳ್ಳು ಹೇಳುತ್ತದೆ ಎಂದು ವಿವರಿಸಲು ಹೋದೆ. ವರ್ಷಗಟ್ಟಲೆ ಹುಡುಗರಿಗೆ ಕಲಿಸಿದ ಬಾಯಿ, ಹೆತ್ತವ್ವನಿಗೆ ಒಂದು ಮಾತು ತಿಳಿಸಲಾಗಲಿಲ್ಲ. ಅವಳು ಕೇಳುತ್ತಿದ್ದಳು, ಆದರೆ ನಂಬುತ್ತಿರಲಿಲ್ಲ. ಅಣ್ಣ ಅಲ್ಲೇ ನಿಂತು ದ್ರಾಕ್ಷಿ ತೋಟದ ಕಡೆ ನೋಡುತ್ತಿದ್ದ. ಜಗಳದ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಅವ್ವನಿಗೆ ಆಗಲೇ ಏದುಸಿರು ಹತ್ತಿತ್ತು. ಅವಳನ್ನು ಒಳಗೆ ಕರೆದೊಯ್ದು ಗೋಡೆಯ ಪ್ಲಗ್ಗಿಗೆ ಮಷಿನ್ ಹಚ್ಚಿದೆ.

ಅಲ್ಲಿಂದ ನಾವಿಬ್ಬರೇ ಜೀಪಿನಲ್ಲಿ ಅನಂತಪುರಕ್ಕೆ ಹೋದೆವು. ಹಿಂಡು ಹುಡುಕಲು ಮಧ್ಯಾಹ್ನವೆಲ್ಲ ಹಿಡಿಯಿತು. ಮಾಮಾ ನನ್ನನ್ನು ಗುರುತು ಹಿಡಿಯಲಿಲ್ಲ. ಅವ್ವನ ಹೆಸರು ಹೇಳಿದ ಮೇಲೆ ಹೆಗಲ ಮೇಲಿನ ಕಂಬಳಿ ತೆಗೆದು ಹಾಸಿ ಕೂರಿಸಿದ. ಎಲ್ಲ ಹೇಳಿದೆ. ಕುರಿ ಬಿಟ್ಟು ಒಂದು ಹೊತ್ತು ಬರುವುದೂ ಅವನಿಗೆ ಕಷ್ಟ. ತೋಳದ ಭಯ ಇರುವ ಬಯಲು. ಮರುದಿನ ಬೆಳಕಿರುವಾಗಲೇ ಹೋಗಿ ಬರುವುದೆಂದು ಮಾತಾಗಿ, ಬೆಳಗಾದ ಮೇಲೆ ಅವನನ್ನು ಐನಾಪುರಕ್ಕೆ ಕರೆತಂದೆವು.

ಅವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಮಂಚದ ಹತ್ತಿರ ನೆಲದ ಮೇಲೆ ಕೂತ. ಅಕ್ಕನ ಮೂಗಿನ ನಳಿಗೆ ನೋಡಿ ಮುಖ ತಿರುಗಿಸಿದ. ಇಬ್ಬರೂ ಬಹಳ ಮಾತಾಡಲಿಲ್ಲ. ಯಾವ ಕುರಿ ಎಷ್ಟು ಈದಿತು, ಯಾವ ನಾಯಿ ಸತ್ತಿತು, ಯಾವ ಊರಿನವರು ಈಗ ಹೊಲದಲ್ಲಿ ತರುಬಲು ಬಿಡುವುದಿಲ್ಲ, ಇಂಥವೇ. ಕರದಂಟಿನ ಡಬ್ಬಿ ಅವನ ಕೈಗಿಟ್ಟು ಅವ್ವ ಹೇಳಿದಳು, “ನಾನ ಬರೂವಾಕಿ ಇದ್ನಿ. ಪಾಪ, ಮಗಳಿಗಿ ನೌಕರಿ. ಆಕಿಗಿ ಪುರಸೊತ್ತ ಎಲ್ಲಿಂದ ಬರಬೇಕು.”

ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಾಮಾ ನನ್ನ ಕಡೆ ನೋಡಿದ. ಅವನಿಗೆ ನಡೆದದ್ದೆಲ್ಲ ಗೊತ್ತಿತ್ತು. ಆದರೂ ಅಕ್ಕನ ಮಾತು ಕಡಿಯಲಿಲ್ಲ, ಹೌದಕ್ಕಾ ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಹೊತ್ತಿಗೆ ಬಂದವನು ಮನೆ ಒಡೆದು ಹೋಗಬಾರದೆಂದು ತಿಳಿದಿರಬೇಕು.

ಹೊಸ ಬ್ಯಾಟರಿ ತರಿಸಿದೆ. ಅವು ಬರುವಷ್ಟರಲ್ಲಿ ಚಳಿ ಬಿದ್ದು ಅವ್ವನ ಉಸಿರು ಇನ್ನೂ ಕೆಟ್ಟಿತು. ಮೀರಜಿನ ಡಾಕ್ಟರ್ ಮನೆ ಬಿಟ್ಟು ಎಲ್ಲಿಗೂ ಒಯ್ಯಬೇಡಿ ಎಂದರು. ಆ ಬ್ಯಾಟರಿಗಳನ್ನು ನಾನು ಚಿಕ್ಕೋಡಿಯ ಮನೆಯಲ್ಲೇ ಇಟ್ಟುಕೊಂಡೆ. ಅವ್ವ ಮತ್ತೆ ಅಡವಿಯ ಮಾತು ಎತ್ತಲಿಲ್ಲ. ನಾನು ಹೋದಾಗ ಚೆನ್ನಾಗಿಯೇ ಮಾತಾಡುತ್ತಿದ್ದಳು, ಬಿಸಿ ರೊಟ್ಟಿ ತಿನ್ನು ಅನ್ನುತ್ತಿದ್ದಳು. ಹೊರಡುವಾಗ ಮಾತ್ರ ಪ್ರತಿ ಸಲ, ಕೆಲಸ ಬಿಟ್ಟು ಇಷ್ಟು ದೂರ ಯಾಕೆ ಬರುತ್ತೀ, ನಿನಗೆ ತ್ರಾಸು ಎನ್ನುತ್ತಿದ್ದಳು. ವ್ಯಂಗ್ಯವಲ್ಲ, ನಿಜವಾದ ಕಕ್ಕುಲಾತಿ. ಅದನ್ನು ತಡೆದುಕೊಳ್ಳುವುದು ವ್ಯಂಗ್ಯಕ್ಕಿಂತ ಕಷ್ಟವಾಗಿತ್ತು. ಶ್ರಾವಣಕ್ಕೆ ಮೊದಲೇ, ಒಂದು ಮಧ್ಯಾಹ್ನ, ಅದೇ ಕೋಣೆಯಲ್ಲಿ ತೀರಿಕೊಂಡಳು.

ದಿನಕರ್ಮಕ್ಕೆ ಬೀಗರು, ಊರವರು ಬಹಳ ಜನ ಬಂದಿದ್ದರು. ಮಂಟಪದಲ್ಲಿ ಅವ್ವನ ಫೋಟೋ. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಗಾಡಿಯ ಮೆಟ್ಟಿಲ ಮೇಲೆ ಕೂತದ್ದು, ನಾನು ತೆಗೆದದ್ದು. ಅಣ್ಣ ಅದನ್ನು ದೊಡ್ಡದಾಗಿ ಮಾಡಿಸಿ ಮಾಲೆ ಹಾಕಿದ್ದ. ಬಂದವರೆಲ್ಲ ಅದನ್ನು ನೋಡಿ, ಇಂಥ ಮಗನನ್ನು ಪಡೆಯಲು ಪುಣ್ಯ ಬೇಕು, ತಾಯಿಗಾಗಿ ಗಾಡಿಯನ್ನೇ ಕಟ್ಟಿಸಿದನಲ್ಲ ಎಂದರು. ಒಬ್ಬ ಹಿರಿಯರು ಮಾತಾಡುತ್ತ ಅದನ್ನೇ ಎಲ್ಲರೆದುರು ಹೇಳಿದರು. ಅಣ್ಣ ಕೈ ಮುಗಿದು ತಲೆ ತಗ್ಗಿಸಿದ. ನನ್ನ ಯಜಮಾನರು ಎದ್ದು ಹೊರಗೆ ಹೋದರು. ನಾನು ಹೆಂಗಸರ ನಡುವೆ ಕೂತು ಹೋಳಿಗೆ ಬಡಿಸಿದೆ.

ಮಂದಿ ಹೋದ ಮೇಲೆ ಅಣ್ಣ ಬಂದು, ಆ ಹೊಸ ಬ್ಯಾಟರಿ ನಿನ್ನ ಹತ್ತಿರ ಸುಮ್ಮನೆ ಬಿದ್ದಿರಬೇಕಲ್ಲ, ತಂದು ಹಚ್ಚಿಕೊಡು, ಕಾಗವಾಡದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಮಣೂಕ ಮಾರಬೇಕೆಂದಿದ್ದೇನೆ ಎಂದ. ಅವನ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಮರೆತುಹೋಗಿದೆ ಅನಿಸಿತು.

ಆಗ ಕೇಳಿದೆ, “ಅಣ್ಣಾ, ಆವತ್ತ ಕಟ್ಟಿ ಮ್ಯಾಲ ಅವ್ವಗ ಯಾಕ ಹಂಗ ಹೇಳಿದಿ?”

ಯಾವತ್ತು, ಏನು ಎಂದು ಅವನು ಕೇಳಲಿಲ್ಲ. ಮರೆತಿಲ್ಲವೆಂದು ಆಗ ಗೊತ್ತಾಯಿತು.

“ನನ್ನಿಂದ ಕೆಟ್ಟೈತಿ ಅಂತ ಹೇಳಿದ್ರ, ದಿನಾ ನನ್ನ ಮನ್ಯಾಗ ಆಕಿ ಹ್ಯಾಂಗ ಉಣ್ಣಬೇಕಿತ್ತು?” ಎಂದ. “ನೀ ತಿಂಗಳಿಗೊಮ್ಮಿ ಬರಾಕಿ. ನಿನ್ನ ಮ್ಯಾಲ ಸಿಟ್ಟಾದ್ರ ನಡೀತೈತಿ ಅನಿಸ್ತು.”

“ಆಕಿ ಸಿಟ್ಟಾಗಲಿಲ್ಲ,” ಎಂದೆ. “ಅದನ್ನ ನೀ ನೋಡಿಲ್ಲ.”

ಅವನ ಮಾತಿನಲ್ಲಿ ಸ್ವಲ್ಪ ನಿಜವಿತ್ತು, ಅದೇ ಇನ್ನೂ ಚುಚ್ಚುತ್ತದೆ. ಕೊನೆಯ ತಿಂಗಳುಗಳಲ್ಲಿ ಅವ್ವ ನೆಮ್ಮದಿಯಾಗಿ ಉಂಡಳೇ? ಉಂಡಳು. ಮಗನನ್ನು ಪ್ರೀತಿಯಿಂದ ಕಂಡಳೇ? ಕಂಡಳು. ಅದಕ್ಕೆ ಬೇಕಾದದ್ದನ್ನು ನನ್ನ ಪಾಲಿನಿಂದ ಕಿತ್ತುಕೊಟ್ಟ. ನನ್ನನ್ನು ಒಂದು ಮಾತು ಕೇಳಿದ್ದರೆ ನಾನೇ ಒಪ್ಪುತ್ತಿದ್ದೆನೇನೋ. ಕೇಳಲಿಲ್ಲ.

ಬ್ಯಾಟರಿ ಕೊಡಲಿಲ್ಲ. ಅವನು ಬೇರೆ ಕಡೆಯಿಂದ ಕರೆಂಟಿನ ಎಳೆ ತೆಗೆದುಕೊಂಡು ಗಾಡಿಯನ್ನು ರಸ್ತೆ ಬದಿಯಲ್ಲಿ ನಿಲ್ಲಿಸಿದ. ಮಂಚ ತೆಗೆಸಿ ಹಲಗೆ ಹಾಕಿಸಿದ್ದಾನಂತೆ, ವ್ಯಾಪಾರ ಚೆನ್ನಾಗಿದೆಯಂತೆ. ಮರುವರ್ಷ ನಾಗರಪಂಚಮಿಗೆ ತವರಿಗೆ ಕರೆಯಲು ಬಂದಿದ್ದ. ಚಹಾ ಕೊಟ್ಟೆ, ಅತ್ತಿಗೆಯ ಆರೋಗ್ಯ ಕೇಳಿದೆ, ನಾನು ಬರುವುದಿಲ್ಲ ಎಂದೆ. ಅವನು ಕುಪ್ಪಸದ ಖಣವನ್ನು ಟೀಪಾಯಿಯ ಮೇಲಿಟ್ಟು ಎದ್ದ. ನಾನು ಬಾಗಿಲವರೆಗೆ ಹೋಗಿ, ಅವನು ಓಣಿಯ ತುದಿಯಲ್ಲಿ ತನ್ನ ಕಾರು ತಿರುಗಿಸಲು ಜಾಗವಿಲ್ಲದೆ ಹಿಂದೆ ಮುಂದೆ ಮಾಡುವುದನ್ನು ನೋಡಿ, ಒಳಗೆ ಬಂದೆ.